ನಡುವಿನ ಮೀಟರು

ಹಳೆಯ ಮೋಟಾರು ಕಾರನ್ನು ದುರಸ್ತು ಮಾಡಿಸಿ ಮತ್ತೆ ರಸ್ತೆಗೆ ತರುವವರು ಮಾತಿಗೆ ಕುಳಿತರೆ ಇಂಜಿನ್ನಿನ ಪುರಾಣವೇ ಪುರಾಣ. ಪಿಸ್ಟನ್ನು ಎಲ್ಲಿ ಸಿಕ್ಕಿತು, ಕಾರ್ಬ್ಯುರೇಟರನ್ನು ಎಷ್ಟು ಸಲ ಬಿಚ್ಚಿದ್ದಾಯಿತು ಎಂಬುದನ್ನು ರಾತ್ರಿ ಹನ್ನೊಂದರವರೆಗೂ ವರ್ಣಿಸಬಲ್ಲರು. ಅದಾದ ಮೇಲೆ ಮೈಬಣ್ಣದ ಪ್ರಸ್ತಾಪ. ಕುಳಿತವರ ಕಣ್ಣೆದುರಿಗಿರುವ ಡ್ಯಾಶ್‌ಬೋರ್ಡು, ಅದರ ಮೀಟರು, ಗುಂಡಿಗಳು, ಹೊಳೆಯುವ ಅಂಚು, ಮುಂಗಾಜು ಇವುಗಳ ಸರದಿ ಬರುವುದು ಕೇಳುವವರೆಲ್ಲ ಆಕಳಿಸತೊಡಗಿದ ಮೇಲೆ. ಇದು ಅನ್ಯಾಯವೆಂದು ನನ್ನ ಅಭಿಪ್ರಾಯ. ಇಂಜಿನ್ನು ಮುಚ್ಚಳದ ಕೆಳಗೆ ಕತ್ತಲಲ್ಲಿರುವ ವಸ್ತು. ಹತ್ತಾರು ವರ್ಷ ಆ ಕಾರಿನಲ್ಲಿ ಓಡಾಡಿದ ಮನೆಯವರು ನಿತ್ಯ ನೋಡಿದ್ದು, ಮುಟ್ಟಿದ್ದು, ಆಯುಧಪೂಜೆಯ ದಿನ ಒರೆಸಿ ಕುಂಕುಮವಿಟ್ಟದ್ದು ಈ ಹಲಗೆಗೆ ಮತ್ತು ಈ ಗಾಜಿಗೆ.

ಡ್ಯಾಶ್‌ಬೋರ್ಡು ಎಂಬ ಹೆಸರೇ ಕಾರಿಗಿಂತ ಹಳೆಯದು. ಕುದುರೆಗಾಡಿಯ ಕಾಲದಲ್ಲಿ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರ ಮೈಮೇಲೆ ಬೀಳದಂತೆ ಮುಂದುಗಡೆ ಅಡ್ಡಲಾಗಿ ನಿಲ್ಲಿಸುತ್ತಿದ್ದ ಹಲಗೆಗೆ ಆ ಹೆಸರು. ಕುದುರೆ ಹೋಯಿತು, ಕೆಸರೂ ಹೋಯಿತು. ಹಲಗೆ ಮಾತ್ರ ಉಳಿದು ಮೀಟರುಗಳಿಗೆ ಮನೆಯಾಯಿತು.

ನಮ್ಮ ದೊಡ್ಡಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ೧೯೬೧ರಲ್ಲಿ ಅವರು ಬೆಂಗಳೂರಿನ ವಕೀಲರೊಬ್ಬರಿಂದ ೧೯೫೫ರ ಒಂದು ಪುಟ್ಟ ಕಾರನ್ನು ಕೊಂಡರು. ಕಾಗದಪತ್ರದಲ್ಲಿ ಅದರ ಹೆಸರು 'ಬೇಬಿ ಹಿಂದೂಸ್ತಾನ್'. ಹುಟ್ಟಿನಿಂದ ಅದು ಇಂಗ್ಲೆಂಡಿನ ಮಾರಿಸ್ ಮೈನರ್. ಅಲೆಕ್ ಇಸಿಗೋನಿಸ್ ಎಂಬ ಇಂಜಿನಿಯರು ರೂಪಿಸಿ ೧೯೪೮ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರ ಮುಂದಿಟ್ಟ ಕಾರು. ಮುಂದೆ 'ಮಿನಿ' ಎಂಬ ಜಗತ್ಪ್ರಸಿದ್ಧ ಪುಟಾಣಿ ಕಾರನ್ನು ರೂಪಿಸಿದವರೂ ಅವರೇ. ಇಂಗ್ಲೆಂಡಿನಲ್ಲಿ ತಯಾರಾದ ಕಾರುಗಳ ಪೈಕಿ ಹತ್ತು ಲಕ್ಷದ ಗಡಿಯನ್ನು ಮೊದಲು ಮುಟ್ಟಿದ್ದು ಇದು. ೧೯೪೨ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ ೧೯೪೮ರಲ್ಲಿ ಕಲ್ಕತ್ತದ ಬಳಿಯ ಉತ್ತರಪಾರಕ್ಕೆ ಬಂದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು, ತಮ್ಮ ಅಂಬಾಸಿಡರು ಹುಟ್ಟುವುದಕ್ಕೂ ಮುಂಚೆಯೇ ಇದನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದರು. ಎಂಟುನೂರಮೂರು ಸಿ.ಸಿ.ಯ ಸಣ್ಣ ಇಂಜಿನ್ನು. ಬೇಕರಿಯ ಬನ್ನಿನಂಥ ಗುಂಡು ಮೈ. ಏರಿನಲ್ಲಿ ಹತ್ತುವಾಗ ಅದು ಮಾಡುತ್ತಿದ್ದ ಸದ್ದು ಉಬ್ಬಸದ ರೋಗಿಯ ಉಸಿರಿನಂತೆ ಇದ್ದರೂ ತೆಂಗಿನ ಸೀಮೆಯಲ್ಲಿ ಹೇಳಿಕೊಳ್ಳುವಂಥ ಏರುಗಳು ಇಲ್ಲದಿದ್ದುದರಿಂದ ನಮಗೆ ಬಾಧಕವಾಗಲಿಲ್ಲ.

೧೯೭೮ರಲ್ಲಿ ದೊಡ್ಡಪ್ಪ ತೀರಿಕೊಂಡರು. ಕಾರು ಮನೆಯ ಹಿಂದಿನ ಕೊಬ್ಬರಿಮನೆಯನ್ನು ಸೇರಿತು. ಪಟ್ಟಣದ ಓದುಗರಿಗೆ ಕೊಬ್ಬರಿಮನೆ ಎಂದರೇನೆಂದು ಹೇಳಬೇಕು. ತಿಪಟೂರಿನ ಹೆಸರನ್ನು ದೇಶಕ್ಕೆ ಹರಡಿರುವ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ ಸರಕಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ರಾಶಿ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೂ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊಡಗೊಡ ಎನ್ನುತ್ತದೆ. ಆಗ ಅದು ಕೊಬ್ಬರಿ. ಇಂಥ ಅಟ್ಟದ ಕೆಳಗೆ ನಮ್ಮ ಕಾರು ನಲವತ್ತನಾಲ್ಕು ವರ್ಷ ನಿಂತಿತು. ಮೇಲಿನ ಕಾಯಿ ಎಷ್ಟೋ ಸಲ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಯಿತು. ಕೆಳಗಿನದು ನಾರಿನ ಧೂಳು ಹೊದ್ದುಕೊಂಡು ಅಲ್ಲಿಯೇ ಇದ್ದಿತು.

ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವರು, ಬೆಂಗಳೂರಿನ ಕೆಲಸದಿಂದ ನಿವೃತ್ತರಾದ ಮೇಲೆ ೨೦೨೨ರಲ್ಲಿ ಕಾರನ್ನು ಹೊರತೆಗೆಯುವ ಸಂಕಲ್ಪ ಮಾಡಿದರು. ಧರ್ಮಸ್ಥಳಕ್ಕೆ ಹೋಗಿದ್ದಾಗ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಕೊಂಡು ಬಂದದ್ದು ಈ ಹುಚ್ಚಿಗೆ ಕಾರಣ. ಇಂಜಿನ್ನು ಬೆಂಗಳೂರಿಗೆ ಹೋಯಿತು, ಮೈಯ ತುಕ್ಕು ಕೀಳುವ ಕೆಲಸ ನಮ್ಮೂರಿನಲ್ಲಿಯೇ ಆಯಿತು. ಆ ವೃತ್ತಾಂತಗಳು ಬೇಡ. ಎಲ್ಲರ ಕಾರಿನ ವೃತ್ತಾಂತವೂ ಒಂದೇ. ಡ್ಯಾಶ್‌ಬೋರ್ಡಿನ ಸರದಿ ಬಂದಾಗ ಮಾತ್ರ ದೊಡ್ಡಮ್ಮ ತಡೆದರು. ಆಗ ಅವರಿಗೆ ಎಂಬತ್ತೇಳು ವರ್ಷ.

"ಇಂಜಿನ್ನು ಎಲ್ಲಿಗಾದ್ರೂ ಹೋಗ್ಲಿ. ಮೀಟರು ಮಾತ್ರ ಈ ಮನೆ ಬಿಟ್ಟು ಹೋಗ್ಕೂಡದು. ಬಿಚ್ಚೋದಾದ್ರೆ ನನ್ನ ಕಣ್ಣೆದುರಿಗೇ ಬಿಚ್ಚಲಿ" ಎಂದರು.

ವಯಸ್ಸಾದವರ ಹಟವೆಂದು ಅಣ್ಣ ನಕ್ಕರು. ಆದರೂ ಅವರ ಮಾತನ್ನು ಮೀರುವ ಧೈರ್ಯ ಅಣ್ಣನಿಗಿರಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ನಲವತ್ತು ವರ್ಷದಿಂದ ಹಳೆಯ ಕಾರುಗಳ ಮೀಟರು, ಗಾಜು, ಅಂಚುಪಟ್ಟಿಗಳ ಕೆಲಸವನ್ನೇ ಮಾಡುತ್ತಿದ್ದ ಮೇಸ್ತ್ರಿಯೊಬ್ಬರನ್ನು ಕರೆತಂದು ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿದ್ದಾಯಿತು. ಅವರು ಎಂಟು ದಿನ ಇದ್ದರು.

ಈ ಕಾರಿನ ಡ್ಯಾಶ್‌ಬೋರ್ಡಿಗೆ ಒಂದು ವಿಶೇಷವಿದೆ. ೧೯೫೪ರ ಅಕ್ಟೋಬರಿನಿಂದ ಮಾರಿಸ್ ಮೈನರಿನಲ್ಲಿ ವೇಗದ ಮೀಟರು ಚಾಲಕನ ಎದುರಿನಲ್ಲಿಲ್ಲ. ತಟ್ಟೆಯಂಥ ಒಂದೇ ದೊಡ್ಡ ಗುಂಡುಮುಖ ಹಲಗೆಯ ನಟ್ಟನಡುವೆ ಕುಳಿತಿದೆ. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಸಣ್ಣ ಮುಳ್ಳೂ, ಕ್ರಮಿಸಿದ ಮೈಲಿಯ ಐದು ಅಂಕಿಗಳೂ ಅದರ ಒಳಗೇ. ಎಡಕ್ಕೊಂದು ಬಲಕ್ಕೊಂದು ಸಾಮಾನಿಡುವ ತೆರೆದ ಗೂಡು. ಬಲಗಡೆ ಸ್ಟಿಯರಿಂಗಿನ ದೇಶಕ್ಕೂ ಎಡಗಡೆ ಸ್ಟಿಯರಿಂಗಿನ ದೇಶಕ್ಕೂ ಒಂದೇ ಹಲಗೆ ಒಪ್ಪುತ್ತದೆ. ಕಾರ್ಖಾನೆಗೆ ಅದೊಂದು ಉಳಿತಾಯ. ಆದರೆ ನಮ್ಮ ಮನೆಯಲ್ಲಿ ಆ ಉಳಿತಾಯದಿಂದ ಬೇರೊಂದು ಪರಿಣಾಮವಾಯಿತು. ಚಾಲಕನಿಗೆ ಎಷ್ಟು ಕಾಣುತ್ತದೆಯೋ ಪಕ್ಕದಲ್ಲಿ ಕುಳಿತವರಿಗೂ ಅಷ್ಟೇ ಕಾಣುತ್ತದೆ ಆ ಮೀಟರು. ಪಕ್ಕದಲ್ಲಿ ಕೂರುತ್ತಿದ್ದವರು ದೊಡ್ಡಮ್ಮ.

ದೊಡ್ಡಮ್ಮ ಓದಿದ್ದು ಕನ್ನಡ ನಾಲ್ಕನೆಯ ತರಗತಿಯವರೆಗೆ. ಇಂಗ್ಲಿಷ್ ಅಂಕಿಗಳನ್ನು ಕಲಿತದ್ದು ಈ ಮೀಟರಿನಿಂದ. ದೊಡ್ಡಪ್ಪನಿಗೆ ದೂರದೃಷ್ಟಿ ಚೆನ್ನಾಗಿದ್ದು ಹತ್ತಿರದ್ದು ಮಸುಕಾಗುತ್ತಿತ್ತು; ಕಾರು ನಡೆಸುವಾಗ ಕನ್ನಡಕ ಹಾಕಿ ತೆಗೆದು ಮಾಡುವುದು ಅವರಿಗೆ ರೇಜಿಗೆ. ಆದಕಾರಣ ಮುಳ್ಳು ಎಷ್ಟರಲ್ಲಿದೆಯೆಂದು ಹೇಳುವ ಕೆಲಸವನ್ನು ಹೆಂಡತಿಗೆ ವಹಿಸಿದರು. ಮೊದಮೊದಲು "ಮುಳ್ಳು ನೆಟ್ಟಗೆ ನಿಂತಿದೆ", "ಮುಳ್ಳು ನಿಮ್ಮ ಕಡೆ ವಾಲಿದೆ" ಎಂದು ಹೇಳುತ್ತಿದ್ದರಂತೆ. ಆರು ತಿಂಗಳಲ್ಲಿ ಮೂವತ್ತು, ಮೂವತ್ತೈದು ಎಂಬ ಲೆಕ್ಕ ಬಂದಿತು. ಎಳೆಯುವ ನಾಲ್ಕು ಗುಂಡಿಗಳ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದುವು: ಇಂಜಿನ್ನು ಹೊರಡಿಸಲು ಎಸ್, ಚೋಕಿಗೆ ಸಿ, ದೀಪಕ್ಕೆ ಎಲ್, ವೈಪರಿಗೆ ಡಬ್ಲ್ಯು. "ನನಗೆ ಬರೋ ಇಂಗ್ಲಿಷು ಅಷ್ಟೇ ಕಣಪ್ಪ, ನಾಲ್ಕಕ್ಷರ. ನಾಲ್ಕೂ ಕೆಲಸಕ್ಕೆ ಬರೋವು" ಎಂದು ಇಂಗ್ಲಿಷ್ ಎಂ.ಎ. ಮಾಡಿದ ಮೊಮ್ಮಗಳಿಗೆ ಹೇಳುತ್ತಿದ್ದರು.

ಓದಲು ಬಂದ ಮೇಲೆ ಬರೆಯುವ ಕೆಲಸವೂ ಅವರದೇ ಆಯಿತು. ಮಂಡಿಯ ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ದೊಡ್ಡಪ್ಪ ಕೊಟ್ಟರು. ಮನೆಗೆ ಬಂದಿಳಿದ ಕೂಡಲೆ ಮೀಟರಿನ ಇಂಗ್ಲಿಷ್ ಅಂಕಿಯನ್ನು ನೋಡಿ ಪುಸ್ತಕದಲ್ಲಿ ಕನ್ನಡ ಅಂಕಿಯಲ್ಲಿ ಬರೆಯುವುದು. ಪಕ್ಕದಲ್ಲಿ ಹೋದ ಊರು, ಹೋಗಿಬಂದ ಮೈಲಿ. ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ನೊಣವಿನಕೆರೆ, ಅರಸೀಕೆರೆ. ತುಮಕೂರು ಹಲವು ಸಲ. ಮದುವೆಗೆ ಹೋದದ್ದೋ ಸಾವಿಗೆ ಹೋದದ್ದೋ ಅದರಲ್ಲಿ ಒಂದಕ್ಷರವಿಲ್ಲ. ದೇಶದಲ್ಲಿ ೧೯೫೬ರ ಕಾಯಿದೆಯಾಗಿ ಮೆಟ್ರಿಕ್ ಅಳತೆ ಬಂದು ರಸ್ತೆಯ ಪಕ್ಕದ ಮೈಲಿಗಲ್ಲುಗಳೆಲ್ಲ ಕ್ರಮೇಣ ಕಿಲೋಮೀಟರಿನ ಕಲ್ಲುಗಳಾದುವು. ದೊಡ್ಡಮ್ಮನ ಪುಸ್ತಕದಲ್ಲಿ ಕಡೆಯವರೆಗೂ ಮೈಲಿಯೇ.

ಮೇಸ್ತ್ರಿ ಮೊದಲು ಕೈಹಾಕಿದ್ದು ಮುಂಗಾಜಿಗೆ. ೧೯೫೬ರವರೆಗೆ ಈ ಕಾರಿನ ಮುಂಗಾಜು ಎರಡು ತುಂಡು. ನಡುವೆ ಒಂದು ಕಂಬಿ, ಎರಡೂ ಕಡೆ ಸ್ವಲ್ಪ ಹಿಂದಕ್ಕೆ ವಾಲಿದ ಚಪ್ಪಟೆ ಗಾಜು. ಆಮೇಲೆ ಬಂದದ್ದು ಬಾಗಿದ ಒಂದೇ ಗಾಜು. ಚೆಂದಕ್ಕೆ ಬಾಗಿದ್ದೇ ಸರಿ, ರಿಪೇರಿಗೆ ಚಪ್ಪಟೆಯೇ ಸರಿ. ಬಾಗಿದ ಗಾಜು ಒಡೆದರೆ ಕಾರ್ಖಾನೆಯ ಅಚ್ಚಿಲ್ಲದೆ ಮತ್ತೊಂದು ಬಾರದು. ಚಪ್ಪಟೆ ಗಾಜನ್ನು ತುಮಕೂರಿನ ಗಾಜಿನಂಗಡಿಯವರೂ ಕತ್ತರಿಸಿಕೊಟ್ಟಾರು.

ನಮ್ಮ ಕಾರಿನ ಬಲಗಡೆಯ ಗಾಜನ್ನು ಯಾವಾಗಲೋ ಒಮ್ಮೆ ಬದಲಿಸಿದ್ದಿತು. ಅದು ಎರಡು ತೆಳುಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯನ್ನಿಟ್ಟು ಒತ್ತಿ ಬೆಸೆದ ಜೋಡುಗಾಜು. ಇದರ ಮೂಲದ ಕಥೆ ಸ್ವಾರಸ್ಯವಾಗಿದೆ. ೧೯೦೩ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬುವರ ಪ್ರಯೋಗಶಾಲೆಯಲ್ಲಿ ಗಾಜಿನ ಕುಪ್ಪಿಯೊಂದು ಕೆಳಗೆ ಬಿದ್ದಿತಂತೆ. ಬಿರುಕು ಬಿಟ್ಟಿತೇ ಹೊರತು ಚೂರಾಗಿ ಚೆದುರಲಿಲ್ಲ. ನೋಡಿದರೆ ಅದರೊಳಗೆ ಹಿಂದೆ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ, ಒಳಮೈಗೆ ಪೊರೆಯಾಗಿ ಅಂಟಿಕೊಂಡಿದ್ದಿತು. ಅದರಿಂದ ಹುಟ್ಟಿದ್ದು ಅಪಘಾತದಲ್ಲಿ ಮುಖ ಸೀಳದ ಗಾಜು. ಆದರೆ ಪೊರೆಗೂ ಮುಪ್ಪಿದೆ. ಅಂಚಿನ ರಬ್ಬರು ಸೀಳಿ ನೀರಿನ ತೇವ ಒಳಹೊಕ್ಕರೆ ಪೊರೆ ಗಾಜಿನಿಂದ ಬಿಟ್ಟುಕೊಂಡು, ಅಂಚಿನಿಂದ ಒಳಕ್ಕೆ ಒಡೆದ ಹಾಲಿನಂಥ ಬಿಳುಪು ಹಬ್ಬುತ್ತದೆ. ನಮ್ಮ ಗಾಜಿನಲ್ಲಿ ಆ ಬಿಳುಪು ಚಾಲಕನ ಕಣ್ಣಿನ ನೇರಕ್ಕೇ ಬಂದಿದ್ದಿತು. ಅದಕ್ಕೆ ಔಷಧವಿಲ್ಲ, ತೆಗೆದು ಬೇರೆ ಹಾಕಬೇಕು.

ಹಳೆಯ ಗಾಜನ್ನು ಕಂದು ಕಾಗದದ ಮೇಲಿಟ್ಟು ಅಳತೆ ತೆಗೆದುಕೊಂಡು ಹೋದೆವು. ಜೋಡುಗಾಜನ್ನು ಕತ್ತರಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮೈಮೇಲೆ ಗೀರೆಳೆದು ಮುರಿದರು. ಮಗುಚಿ ಇನ್ನೊಂದು ಮೈಮೇಲೆ ಅದೇ ಗೆರೆಗೆ ನೇರವಾಗಿ ಎಳೆದು ಮುರಿದರು. ಈಗ ಗಾಜು ಎರಡಾಗಿದೆ, ಪೊರೆ ಮಾತ್ರ ಹಿಡಿದುಕೊಂಡಿದೆ. ಗೆರೆಯುದ್ದಕ್ಕೂ ಸ್ವಲ್ಪ ಸ್ಪಿರಿಟು ಸುರಿದು ಬೆಂಕಿ ಕಡ್ಡಿ ತೋರಿಸಿದರು. ನೀಲಿ ಜ್ವಾಲೆ ಒಂದು ಗಳಿಗೆ ಓಡಿ ಆರಿತು. ಬಿಸಿಗೆ ಮೆತ್ತಗಾದ ಪೊರೆಯನ್ನು ಬ್ಲೇಡಿನಿಂದ ಕೊಯ್ದರು.

ಎಡಗಡೆಯದು ಮೊದಲಿನ ಗಾಜೇ. ಅದು ಜೋಡುಗಾಜಲ್ಲ, ಕೆಂಪಗೆ ಕಾಯಿಸಿ ಗಾಳಿಯಿಂದ ಥಟ್ಟನೆ ಆರಿಸಿ ಗಟ್ಟಿಮಾಡಿದ ಗಾಜು. ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಉದುರುತ್ತದೆ, ಕತ್ತಿಯಂಥ ಚೂರು ಬರುವುದಿಲ್ಲ. ಇದನ್ನು ಕಾರ್ಖಾನೆಯಿಂದ ಹೊರಬಂದ ಮೇಲೆ ಕತ್ತರಿಸಲು ಯಾರಿಂದಲೂ ಆಗದು. ಅದರ ಮೇಲೆ ವೈಪರು ಎಳೆದ ಬಿಲ್ಲಿನಾಕಾರದ ಗೀರುಗಳಿದ್ದುವು. ಮೇಸ್ತ್ರಿ ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಎಳೆದು ನೋಡಿದರು. ಉಗುರು ತಡೆದರೆ ಆ ಗೀರನ್ನು ಮುಟ್ಟಬಾರದು, ತಡೆಯದಿದ್ದರೆ ಉಜ್ಜಬಹುದು ಎಂಬುದು ಅವರ ಶಾಸ್ತ್ರ. ಆಳದ ಗೀರನ್ನು ತೆಗೆಯಲು ಹೊರಟರೆ ಅಲ್ಲಿ ಗಾಜು ತಗ್ಗಾಗಿ ಮಸೂರವಾಗುತ್ತದೆ. ರಸ್ತೆ ನೀರಿನೊಳಗಿನದರಂತೆ ನಲಿಯುತ್ತದೆ. ಸೀರಿಯಂ ಆಕ್ಸೈಡ್ ಎಂಬ ನುಣ್ಣನೆಯ ಪುಡಿಯನ್ನು ನೀರಿನಲ್ಲಿ ಕಲಸಿ ಉಣ್ಣೆಯ ಚಕ್ರದಿಂದ ಎರಡು ದಿನ ಉಜ್ಜಿದರು. ಮೂರು ಗೀರುಗಳನ್ನು ಹಾಗೆಯೇ ಉಳಿಸಿದರು. ಅಣ್ಣನಿಗೆ ಇದು ಹಿಡಿಸಲಿಲ್ಲ. ಪ್ರದರ್ಶನದಲ್ಲಿ ಅಂಕ ಕಳೆಯುತ್ತಾರೆಂದು ಅವರ ಚಿಂತೆ. ನನಗೇನೋ ಮೇಸ್ತ್ರಿಯದೇ ಸರಿಯೆಂದು ತೋರಿತು. ಗಾಜು ಇರುವುದು ಅದರಾಚೆ ನೋಡುವುದಕ್ಕೆ, ಅದನ್ನೇ ನೋಡುವುದಕ್ಕಲ್ಲ.

ಗಾಜನ್ನು ರಬ್ಬರಿನೊಳಗೆ ಕೂರಿಸುವುದು ಒಂದು ಚಮತ್ಕಾರ. ರಬ್ಬರಿನ ಅಂಚಿನ ಸೀಳಿನೊಳಗೆ ಸುತ್ತಲೂ ಒಂದು ಹುರಿಯನ್ನು ತೂರಿಸಿ, ಸೋಪುನೀರು ಸವರಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು, ಒಳಗೆ ಕುಳಿತವರು ಹುರಿಯ ತುದಿಯನ್ನು ಮೆಲ್ಲಗೆ ಎಳೆಯುತ್ತ ಹೋಗಬೇಕು. ಹುರಿ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಹುರಿ ಬೇಕೆಂದಾಗ ನಮ್ಮ ಮನೆಯ ಹುಡುಗರು ಹೆಮ್ಮೆಯಿಂದ ನಾರಿನ ಹಗ್ಗ ತಂದರು. ನಮ್ಮೂರಿನಲ್ಲಿ ಅದಕ್ಕೇನು ಬರವೇ? ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ನೋಡಿ, ಅದು ರಬ್ಬರನ್ನು ಗರಗಸದಂತೆ ಕೊಯ್ಯುವುದೆಂದು ಹಿಂತಿರುಗಿಸಿದರು. ಹತ್ತಿಯ ಹುರಿಯೇ ಆಗಬೇಕು. ದೊಡ್ಡಮ್ಮ ರಬ್ಬರಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಜಾರುವುದಲ್ಲ ಎಂದರು. ಎಣ್ಣೆ ತಾಕಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆಂದು ಅದನ್ನೂ ನಿರಾಕರಿಸಿದರು. ತಿಪಟೂರಿನವರಿಗೆ ಇದು ಒಂದೇ ದಿನದಲ್ಲಿ ಎರಡನೆಯ ಅವಮಾನ. ಸಂಜೆ ಬೇಕಲೈಟಿನ ಗುಂಡಿಗಳನ್ನು ಒರೆಸುವಾಗ, "ಇದಕ್ಕೆ ಒಂದು ತೊಟ್ಟು ಎಣ್ಣೆ ಆಗ್ಬೋದು ಅಮ್ಮಾ" ಎಂದು ತಾವಾಗಿಯೇ ಕೇಳಿ ರಾಜಿ ಮಾಡಿಕೊಂಡರು.

ಸಿ ಅಕ್ಷರದ ಗುಂಡಿ ಕಳೆದುಹೋಗಿದ್ದಿತು. ಅದನ್ನು ಚನ್ನಪಟ್ಟಣದ ಗೊಂಬೆ ಮಾಡುವವರಿಂದ ಹಾಲೆ ಮರದಲ್ಲಿ ಕಡೆಸಿ ಅರಗಿನ ಬಣ್ಣ ಹಾಕಿಸಿ ತರಿಸಿದೆವು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಬಣ್ಣ ಮೂರು ಜೊತೆಗಾರರಿಗಿಂತ ಒಂದು ಪಾಲು ಕೆಂಪು. ಆದರೂ ಸಭ್ಯವಾಗಿ ಕುಳಿತಿದೆ. ಮೀಟರಿನ ಸುತ್ತಿನ ಹೊಳಪಿನ ಬಳೆಯನ್ನು ಮಾತ್ರ ಬೆಂಗಳೂರಿಗೆ ಕಳುಹಿಸಲೇಬೇಕಾಯಿತು. ಹಳೆಯ ಲೇಪವನ್ನು ಕಿತ್ತು, ನಯ ಮಾಡಿ, ತಾಮ್ರ, ಅದರ ಮೇಲೆ ನಿಕಲ್ಲು, ಅದರ ಮೇಲೆ ಕ್ರೋಮಿಯಂ. ಕಣ್ಣಿಗೆ ಕಾಣುವ ಹೊಳಪೆಲ್ಲ ನಿಕಲ್ಲಿನದು. ಕ್ರೋಮಿಯಂ ಅದು ಮಂಕಾಗದಂತೆ ಕಾಯುವ ತೆಳುವಾದ ಕಾವಲುಗಾರ. ಬಳೆ ಹೋಗಲಿ ಎಂದು ದೊಡ್ಡಮ್ಮ ಒಪ್ಪಿದರು. ಮೀಟರು ಜಗಲಿಯಲ್ಲಿ, ಒಗೆದ ಪಂಚೆಯ ಮೇಲೆ, ಅವರ ಕುರ್ಚಿಯಿಂದ ಎರಡು ಮೊಳ ದೂರದಲ್ಲಿ ಉಳಿಯಿತು.

ನಲವತ್ತನಾಲ್ಕು ವರ್ಷದ ಧೂಳೂ ತೇವವೂ ಸೇರಿ ಮೀಟರಿನ ಗಾಜು ಒಳಗಡೆಯಿಂದ ಬೂದಿ ಬಳಿದಂತಾಗಿದ್ದಿತು. ಮುಳ್ಳಿನ ನೆರಳು ಕಾಣುತ್ತಿತ್ತು, ಅಂಕಿ ಒಂದೂ ಕಾಣುತ್ತಿರಲಿಲ್ಲ. ಹೊರಮೈಯ ಎಡಭಾಗದಲ್ಲಿ ಕೂದಲೆಳೆಯಂಥ ಗೀರುಗಳ ಒಂದು ಗುಂಪು. ಮುಳ್ಳು ಎಂದಾದರೂ ಅಂಟಿಕೊಂಡರೆ ದೊಡ್ಡಮ್ಮ ಗಾಜಿಗೆ ಮೆಲ್ಲಗೆ ತಟ್ಟುತ್ತಿದ್ದರು; ಬಳೆ ತಾಕಿ ಆದ ಗೀರುಗಳು ಅವು. ಮೇಸ್ತ್ರಿ ಹೊಸ ಗಾಜಿನ ಬಿಲ್ಲೆಯನ್ನು ಕತ್ತರಿಸಿ ತಂದಿದ್ದರು. ದೊಡ್ಡಮ್ಮ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹಳೆಯದನ್ನು ಒಳಗಡೆ ತೊಳೆದು ಬೆಳಕಿಗೆ ಹಿಡಿದ ಮೇಲೆ ಮೇಸ್ತ್ರಿಯೇ ಹೊಸದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮುಖಫಲಕದ ಮೇಲಿನ ಬಣ್ಣದ ಅಂಕಿಗಳನ್ನು ಶುಚಿಮಾಡಲು ಅವರು ಬಳಸಿದ್ದು ಕಡ್ಡಿಗೆ ಸುತ್ತಿದ ಹತ್ತಿ ಮತ್ತು ಬಾಯಿಯ ಎಂಜಲು. ಸ್ಪಿರಿಟು ಹಾಕಿದರೆ ಅಂಕಿಗಳೇ ಎದ್ದು ಬರುವ ಭಯ. ದೊಡ್ಡಮ್ಮ "ಅಯ್ಯೋ ಶಿವನೇ!" ಎಂದು ಮುಖ ತಿರುಗಿಸಿದರು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಪಟಗಳನ್ನು ಕೂಡ ಕೆಲವೊಮ್ಮೆ ಎಂಜಲಿನಿಂದಲೇ ಒರೆಸುತ್ತಾರೆಂದು ನಾನು ಹೇಳಿದ್ದರಿಂದ ಅವರಿಗೆ ವಿಶೇಷ ಸಮಾಧಾನವಾದಂತೆ ಕಾಣಲಿಲ್ಲ.

ಮೀಟರಿನ ಹೊಟ್ಟೆಯೊಳಗಿನ ಯಂತ್ರ ನನಗೆ ಹಳೆಯ ಪರಿಚಯ. ಮೂವತ್ತು ವರ್ಷ ಹುಡುಗರಿಗೆ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಗೇರುಪೆಟ್ಟಿಗೆಯಿಂದ ಬರುವ ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಅದರ ಮೇಲೆ ಕವುಚಿಕೊಂಡಿರುವುದು ಅಲ್ಯುಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ಸುಳಿವಿದ್ಯುತ್ತು ಹುಟ್ಟಿ ಬಟ್ಟಲನ್ನೂ ತನ್ನ ಜೊತೆ ಎಳೆಯುತ್ತದೆ; ಕೂದಲಿನಂಥ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಮೈಲಿಯ ಅಂಕಿಗಳದು ಬೇರೆ ವ್ಯವಸ್ಥೆ. 'ವರ್ಮ್' ಎಂಬ ತಿರುಪಿನಂಥ ಗೇರುಗಳಿಂದ ನೇರವಾಗಿ ತಿರುಗುವ ಚಕ್ರಗಳು ಅವು. ಮುಳ್ಳು ಅಂಟಿಕೊಂಡು ನಿಂತರೂ, ದೀಪವಿಲ್ಲದಿದ್ದರೂ, ಕಾರಿನೊಳಗೆ ಒಬ್ಬರೂ ಮೀಟರಿನ ಕಡೆ ನೋಡದಿದ್ದರೂ ಚಕ್ರ ಉರುಳಿದಷ್ಟೂ ಅವು ಎಣಿಸುತ್ತಲೇ ಹೋಗುತ್ತವೆ. ಸ್ಪ್ರಿಂಗಿನ ಸೂಕ್ಷ್ಮ ಕೆಲಸಕ್ಕೆ ನಮ್ಮೂರಿನ ಗಡಿಯಾರ ರಿಪೇರಿಯವರೊಬ್ಬರನ್ನು ಕರೆಸಿದೆವು. ಗಟ್ಟಿಯಾಗಿ ಹೋಗಿದ್ದ ಹಳೆಯ ಗ್ರೀಸನ್ನು ಕರಗಿಸಿ, ಗಡಿಯಾರಕ್ಕೆ ಹಾಕುವ ಎಣ್ಣೆಯನ್ನು ಸೂಜಿಮೊನೆಯಲ್ಲಿ ಇಟ್ಟರು.

ಆಗ ಮೇಸ್ತ್ರಿ ವಾಡಿಕೆಯ ಪ್ರಶ್ನೆಯನ್ನು ಕೇಳಿದರು. ಎಲ್ಲ ಹೊಸದಾದ ಮೇಲೆ ಮೈಲಿಯನ್ನೂ ಸೊನ್ನೆಗೆ ತಿರುಗಿಸಿಕೊಡುವುದು ಅವರ ಕಸುಬಿನಲ್ಲಿ ಸಾಮಾನ್ಯವಂತೆ. ಈಗ ಚಕ್ರಗಳು ಹೊರಗಿವೆ, ಕೈಯಲ್ಲೇ ಆಗುವ ಕೆಲಸ.

"ಸೊನ್ನೆ ಮಾಡ್ಬಿಡ್ಲಾ ಸಾರ್?"

ಅಣ್ಣ "ಮಾಡಿ, ಹೊಸ ಲೆಕ್ಕ ಶುರುವಾಗ್ಲಿ" ಎಂದರು.

"ತಡಿಯಪ್ಪಾ" ಎಂದರು ದೊಡ್ಡಮ್ಮ. "ಈಗ ಎಷ್ಟಿದೆ, ಮೊದ್ಲು ಅದನ್ನ ಓದು."

ಮೇಸ್ತ್ರಿ ಚಕ್ರಗಳನ್ನು ಒರೆಸಿ ಒಂದೊಂದೇ ಅಂಕಿಯನ್ನು ಓದಿದರು. ಆರು, ಒಂದು, ಐದು, ಒಂದು, ಎರಡು.

ದೊಡ್ಡಮ್ಮ ನನ್ನ ಕಡೆ ತಿರುಗಿ, ದೇವರಮನೆಯ ಪಕ್ಕದ ಗೂಡಿನಿಂದ ಕೆಂಪು ರಟ್ಟಿನ ಪುಸ್ತಕವನ್ನು ತರಹೇಳಿದರು. ಕಡೆಯ ಹಾಳೆಯನ್ನು ತೆಗೆದೆ. ಅವರಿಗೆ ನೋಡಬೇಕಾಗಿರಲಿಲ್ಲ, ನಾನು ಓದುವುದಕ್ಕೆ ಮುಂಚೆಯೇ ಅವರ ತುಟಿ ಅಲ್ಲಾಡಿತು. ಪುಸ್ತಕದ ಕಡೆಯ ಅಂಕಿ ೬೧,೪೧೮. ಮೀಟರಿನಲ್ಲಿ ೬೧,೫೧೨.

"ತೊಂಬತ್ತನಾಲ್ಕು" ಎಂದರು ದೊಡ್ಡಮ್ಮ.

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅಣ್ಣನಿಗೆ ಅರ್ಥವಾಯಿತೆಂದು ಅವರು ಮೇಲೆದ್ದು ಜಗಲಿಯ ಕಂಬವನ್ನು ಹಿಡಿದು ನಿಂತದ್ದರಿಂದ ತಿಳಿಯಿತು. ನಾನು ಪುಸ್ತಕವನ್ನು ಹಿಂದಕ್ಕೆ ಮಗುಚಿದೆ. ತುಮಕೂರು ೯೪. ತುಮಕೂರು ೯೪. ಒಂದು ಸಲ ೯೫. ಮತ್ತೆ ೯೪. ಕಿಬ್ಬನಹಳ್ಳಿ ಕ್ರಾಸಿನ ಮೇಲೆ, ನಿಟ್ಟೂರು, ಗುಬ್ಬಿ ದಾಟಿ ಹೋಗಿಬರುವ ದೂರ.

ದೊಡ್ಡಪ್ಪನಿಗೆ ನಡುರಾತ್ರಿ ಎದೆನೋವು ಬಂದಾಗ ಮಂಡಿಯ ಗುಮಾಸ್ತರು ಕಾರು ನಡೆಸಿದರೆಂದು ನಮಗೆಲ್ಲ ಗೊತ್ತಿದ್ದಿತು. ತುಮಕೂರಿನ ಆಸ್ಪತ್ರೆಯಲ್ಲಿ ಬೆಳಗಾಗುವುದರೊಳಗೆ ತೀರಿಕೊಂಡರೆಂದೂ ಗೊತ್ತಿದ್ದಿತು. ಆ ದಾರಿಯ ಬಗ್ಗೆ ದೊಡ್ಡಮ್ಮ ಒಂದು ಮಾತನ್ನೂ ಆಡಿದ್ದಿಲ್ಲ. ಅವತ್ತು ಆಡಿದ್ದೂ ಬಹಳವಲ್ಲ.

"ಹದಿನೇಳು ವರ್ಷದಲ್ಲಿ ಆ ಕಾರಿನಾಗೆ ನಾನು ಹಿಂದೆ ಕೂತಿದ್ದು ಅವತ್ತೊಂದೇ ದಿವ್ಸ. ನಿಮ್ಮ ದೊಡ್ಡಪ್ಪನ ತಲೆ ನನ್ನ ತೊಡೆ ಮೇಲಿತ್ತು. ಹೋಗ್ತಾ ದಾರೀಲಿ, 'ಎಷ್ಟರಾಗೆ ಹೋಗ್ತಿದಾನೆ ನೋಡು' ಅಂದ್ರು. ಹಿಂದಿನ ಸೀಟಿನಿಂದ ನನಗೆ ಮೀಟರು ಕಾಣ್ಲಿಲ್ಲ. ಮುಂದಿನ ಸೀಟು ಅಡ್ಡ ಇತ್ತು. ಸುಮ್ನೆ 'ಮೂವತ್ತು' ಅಂದೆ."

ಸ್ವಲ್ಪ ಹೊತ್ತು ಬಿಟ್ಟು, "ಬರೋವಾಗಲೂ ಹಿಂದಿನ ಸೀಟೇ" ಎಂದರು.

ಮನೆಗೆ ಬಂದಿಳಿದಾಗ ಮೀಟರು ನೋಡಿ ಬರೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ; ಆಮೇಲೆ ನೋಡುವ ಮನಸ್ಸಾಗಲಿಲ್ಲ; ಮನಸ್ಸಾಗುವ ವೇಳೆಗೆ ಗಾಜಿನೊಳಗೆ ಏನೂ ಕಾಣದಂತಾಗಿ ಹೋಗಿದ್ದಿತು. ಮೀಟರನ್ನು ತಮ್ಮ ಕಣ್ಣೆದುರೇ ಬಿಚ್ಚಬೇಕೆಂದು ಹಟ ಹಿಡಿದದ್ದು ಇದಕ್ಕೆ. ಬೆಂಗಳೂರಿಗೆ ಹೋದರೆ ಅಲ್ಲಿ ಯಾರಾದರೂ ಕೇಳದೆಯೇ ಸೊನ್ನೆ ಮಾಡಿಬಿಟ್ಟಾರೆಂಬ ಭಯ. ಹಳೆಯ ಮೀಟರುಗಳನ್ನು ಹಾಗೆ ಮಾಡುತ್ತಾರೆಂದು ಅವರಿಗೆ ಹೇಗೆ ತಿಳಿದಿದ್ದಿತೋ ನಾನು ಕೇಳಲಿಲ್ಲ. ಕೊಬ್ಬರಿ ವ್ಯಾಪಾರದ ಮನೆಯಲ್ಲಿ ತಕ್ಕಡಿ ತೂಕದ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಬರೆಯಲು ಅವರ ಕೈ ನಡುಗುತ್ತಿದ್ದಿತು. ಪೆನ್ನನ್ನು ನನಗೆ ಕೊಟ್ಟರು. ತಾರೀಖು ಹೇಳಿದರು. ಊರು ತುಮಕೂರು, ಮೈಲಿ ೯೪, ಒಟ್ಟು ೬೧,೫೧೨.

"ಪಕ್ಕದಲ್ಲಿ ಏನಾದರೂ ಬರೆಯಬೇಕೆ ದೊಡ್ಡಮ್ಮ?" ಎಂದು ಕೇಳಿದೆ.

"ಬೇರೆ ಯಾವುದಕ್ಕೆ ಬರ್ದಿದೀನಿ?" ಎಂದರು.

ಮೇಸ್ತ್ರಿ ಅಂಕಿಯ ಚಕ್ರಗಳನ್ನು ಒಂದು ಹಲ್ಲೂ ಅಲುಗದಂತೆ ಹಿಡಿದು ಒಳಗೆ ಕೂರಿಸಿದರು. ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಮೂರನೆಯ ದಿನ ಬೆಂಗಳೂರಿನಿಂದ ಬಳೆ ಹಿಂತಿರುಗಿತು. ಹಳೆಯ ಗಾಜಿನ ಸುತ್ತ ಹೊಸ ಹೊಳಪಿನ ಬಳೆಯನ್ನು ತೊಡಿಸಿ, ಅಂಚಿನ ಸಣ್ಣ ತಗಡಿನ ಹಲ್ಲುಗಳನ್ನು ಒಂದೊಂದಾಗಿ ಮಡಿಸಿ, ಮೀಟರನ್ನು ಹಲಗೆಯ ನಡುವೆ ಇಟ್ಟು ತಿರುಪು ಬಿಗಿದರು. ಎಡಗಡೆಯ ಗೂಡಿನ ರಟ್ಟು ಇಲಿಗಳಿಗೆ ಆಹಾರವಾಗಿದ್ದಿತು. ಅದರೊಳಗೆ ಮಂಡಿಯ ರಸೀತಿಗಳನ್ನು ಚೂರುಮಾಡಿ ಕಟ್ಟಿದ್ದ ಗೂಡೊಂದು ಸಿಕ್ಕಿತು. ಹೊಸ ರಟ್ಟು ಹಾಕಿದ್ದಾಯಿತು.

ಐವತ್ತು ವರ್ಷ ದಾಟಿದ ವಾಹನಗಳಿಗೆಂದು ೨೦೨೧ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮಗಳನ್ನು ಮಾಡಿದೆ. ಹೊಸದಾಗಿ ನೋಂದಾಯಿಸಿದರೆ 'ವಿ.ಎ.' ಎಂಬ ಅಕ್ಷರಗಳುಳ್ಳ ಸಂಖ್ಯೆ. ಮೊದಲೇ ನೋಂದಣಿಯಾದದ್ದಕ್ಕೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿದ ಕಾರು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಹೋಗಬಹುದು. ನಿತ್ಯದ ಓಡಾಟಕ್ಕೆ ಕೂಡದು. ಸಂತೆಗೂ ನೆಂಟರ ಮನೆಗೂ ಹೋಗದ ಕಾರನ್ನು ಕಾರೆನ್ನುವುದು ಹೇಗೆಂದು ನನಗೆ ತಿಳಿಯದು. ಅಣ್ಣನ ಅರ್ಜಿ ಇನ್ನೂ ಅವರ ಮೇಜಿನ ಮೇಲೆಯೇ ಇದೆ.

ಬ್ರೇಕು, ದೀಪ ಎಲ್ಲ ನೋಡಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಕೋನೇಹಳ್ಳಿಯ ಕಡೆಗೆ ಹೊರಟೆವು. ಅಣ್ಣ ಎಸ್ ಗುಂಡಿಯನ್ನು ಎಳೆದರು. ಎರಡನೆಯ ಸಲಕ್ಕೆ ಇಂಜಿನ್ನು ಹಿಡಿಯಿತು. ದೊಡ್ಡಮ್ಮ ಮುಂದಿನ ಎಡಗಡೆಯ ಸೀಟಿನಲ್ಲಿ, ಎರಡು ದಿಂಬಿನ ಮೇಲೆ. ಹಿಂದೆ ನಾನು ಮತ್ತು ಮೊಮ್ಮಗಳು. ಮುಂದಿನ ಸೀಟಿನ ಬೆನ್ನು ಅಡ್ಡವಾಗಿ, ಹಿಂದಿನಿಂದ ಮೀಟರು ನಿಜವಾಗಿಯೂ ಕಾಣುವುದಿಲ್ಲ. ನಾನು ಬಗ್ಗಿ ನೋಡಿದೆ. ಮುಂಗಾಜಿನ ಆಚೆ ಎರಡೂ ಕಡೆಯ ತೋಟಗಳು, ಉಳಿಸಿದ ಮೂರು ಗೀರುಗಳ ಮೇಲೆ ಎಳೆಬಿಸಿಲು. ರೈಲ್ವೆ ಗೇಟು ದಾಟಿ ರಸ್ತೆ ಸಾಫಾದ ಮೇಲೆ ಅಣ್ಣನಿಗೆ ಹುಮ್ಮಸ್ಸು ಬಂದಿತು.

"ಮೂವತ್ತೆಂಟು" ಎಂದರು ದೊಡ್ಡಮ್ಮ. ಅಣ್ಣ ಕಾಲು ಸಡಿಲಿಸಿದರು. "ಮೂವತ್ತಾರು. ಮೂವತ್ತೆರಡು. ಹ್ಞಾ, ಅಲ್ಲೇ ಇರ್ಲಿ."